ಎಣ್ಣೆಗಿಲ್ಲದ ಚಳಿ

ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ ದಿನ ನನ್ನ ರಕ್ತ ಕುದಿಯುತ್ತದೆ. ದೀಪಾವಳಿಯ ಪಟಾಕಿ ಸದ್ದು ಅಡಗಿದ ಮೇಲೆ ಮಧುಗಿರಿಯ ನಮ್ಮ ಬಾಡಿಗೆ ಮನೆಯಲ್ಲಿ ಪ್ರತಿ ವರ್ಷವೂ ಇದು ತಪ್ಪದೆ ನಡೆಯುತ್ತದೆ. ಆಫೀಸಿಗೆ ಹೊತ್ತಾಗುತ್ತಿರುವಾಗ ತಲೆಗೆ ಎಣ್ಣೆ ಹಚ್ಚೋಣವೆಂದು ಸೀಸೆ ಬಗ್ಗಿಸಿದರೆ ಒಂದು ತೊಟ್ಟೂ ಬೀಳುವುದಿಲ್ಲ. ಒಳಗೆ ಬೆಳ್ಳಗೆ, ಗಟ್ಟಿಯಾಗಿ, ಏನೂ ಗೊತ್ತಿಲ್ಲದವರಂತೆ ಕೂತಿರುತ್ತದೆ. ಬೇರೆ ಹೆಂಗಸರು ಸೀಸೆಯನ್ನು ಬಿಸಿಲಿಗಿಟ್ಟು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ನಾನು ಪೊರಕೆ ಕಡ್ಡಿ ಹಾಕಿ ತಿವಿಯುತ್ತೇನೆ. ತಿವಿಯುವಾಗ ಹಲ್ಲು ಕಚ್ಚಿರುತ್ತೇನಂತೆ. ಇದನ್ನು ಕಂಡುಹಿಡಿದವರು ನನ್ನ ಯಜಮಾನರು. "ಅದೇನು ಎಣ್ಣೆ ಮೇಲೆ ಹಗೆ ನಿನಗೆ? ಕರಗುತ್ತೆ ಬಿಡು, ಪಾಪ" ಎನ್ನುತ್ತಾರೆ.

ಪಾಪವಂತೆ! ಪಾಪ ಅನ್ನಿಸಿಕೊಳ್ಳಬೇಕಾದ ಹೆಂಗಸು ಬೇರೆ ಇದ್ದಾಳೆ. ಅವಳು ನನ್ನ ಅಮ್ಮ. ಅವಳಿಗೆ ಕೋಪ ಮಾಡಿಕೊಳ್ಳಲು ಬರುತ್ತಿರಲಿಲ್ಲ, ಅದಕ್ಕೇ ಅವಳ ಪಾಲಿನದನ್ನೂ ಸೇರಿಸಿ ನಾನೇ ಮಾಡಿಕೊಳ್ಳುತ್ತಾ ಬಂದಿದ್ದೇನೆ. ಒಂದು ಸೀಸೆ ಎಣ್ಣೆಗೆ ಇಷ್ಟೊಂದಾ ಎಂದು ನೀವೂ ಕೇಳಬಹುದು. ಕೇಳಿ, ಬೇಡ ಅನ್ನುವುದಿಲ್ಲ. ಆದರೆ ಪೂರ್ತಿ ಓದಿದ ಮೇಲೆ ಕೇಳಿ.

ನಮ್ಮದು ಶಿರಾ ತಾಲ್ಲೂಕು, ಮದಲೂರು ಕೆರೆಯ ಆಸುಪಾಸಿನ ಊರು. ರಾಗಿ, ಕಡಲೆಕಾಯಿ, ಹುರುಳಿ, ಇವು ನಮ್ಮ ಕಡೆಯ ಬೆಳೆಗಳು. ಗೋಧಿ ಎಂದರೆ ಅಂಗಡಿಯಲ್ಲಿ ಸಿಗುವ ಹಿಟ್ಟು, ಜ್ವರ ಬಂದಾಗ ಕುಡಿಯುವ ಗಂಜಿ, ಸಕ್ಕರೆ ಕಾಯಿಲೆಯವರು ಮುಖ ಕಿವುಚಿಕೊಂಡು ತಿನ್ನುವ ಚಪಾತಿ. ಗೋಧಿಯ ಗಿಡ ಹೇಗಿರುತ್ತದೆ ಎಂದು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿದ್ದದ್ದು ಪುಸ್ತಕದ ಚಿತ್ರದಲ್ಲಿ. ನನಗೆ ಮಾತ್ರ ಹೊಲದಲ್ಲಿ ಗೊತ್ತಿತ್ತು. ಕಾರಣ ನನ್ನ ಅಜ್ಜಿ, ಅಪ್ಪನ ತಾಯಿ. ಪಾವಗಡದ ಕಡೆಯ ನಿಡುಗಲ್ ಅವಳ ತವರು. ಮದುವೆಯಾಗಿ ಬರುವಾಗ ಒಂದು ಗಂಟು ಜವೆಗೋಧಿ ಬೀಜವನ್ನೂ ಅರ್ಧ ತೆಲುಗನ್ನೂ ಜೊತೆಗೆ ತಂದಿದ್ದಳು. ಎರಡನ್ನೂ ಕೊನೆಯವರೆಗೆ ಬಿಡಲಿಲ್ಲ.

ಜವೆಗೋಧಿ ಅಂಗಡಿಯ ಗೋಧಿಯಂತಲ್ಲ. ಕಾಳು ಉದ್ದ, ಬಣ್ಣ ಕೆಂಪು, ಹೊಟ್ಟು ಮೈಗಂಟಿಕೊಂಡೇ ಇರುತ್ತದೆ. ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿದರೆ ಮಾತ್ರ ಬಿಡುತ್ತದೆ. ಕುಟ್ಟುವವಳು ಅಮ್ಮ, ಕೇರುವವಳು ಅಮ್ಮ, ಬೇಯಿಸಿ ಬೆಲ್ಲ ಹಾಕಿ ಕಾಯಿಹಾಲು ಹಿಂಡುವವಳೂ ಅಮ್ಮ. ಯುಗಾದಿಯ ದಿನ ಬೀದಿಯ ಪ್ರತಿ ಮನೆಗೂ ಒಂದೊಂದು ಲೋಟ ಪಾಯಸ ಹೋಗುತ್ತಿತ್ತು. "ನಿಮ್ಮನೆ ಗೋಧಿ ಪಾಯ್ಸ ಕುಡೀದಿದ್ರೆ ಹಬ್ಬಾನೇ ಆಗಲ್ಲ ಕಣಮ್ಮ" ಎಂದು ಜನ ಹೇಳುವಾಗ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುವವಳು ಅಜ್ಜಿ. ಆಗ ಅವಳ ಮಂಡಿ ನೋವು ಎಲ್ಲಿ ಹೋಗಿರುತ್ತಿತ್ತೋ ಕಾಣೆ.

ಕೆರೆಯ ಅಂಚಿಗೆ ನಮಗೆ ಒಂದು ತುಂಡು ಎರೆಹೊಲವಿದೆ. ಕಪ್ಪು ಮಣ್ಣು, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಒಳಗೆ ತೇವ ಹಿಡಿದುಕೊಂಡಿರುತ್ತದೆ. ಗೋಧಿ ಅಲ್ಲೇ. ಈ ಬೆಳೆಯಷ್ಟು ಗತ್ತಿನ ಬೆಳೆಯನ್ನು ನಾನು ನೋಡಿಲ್ಲ. ರಾಗಿಯಾದರೆ ಮಳೆ ಒಂದು ವಾರ ಹಿಂದೆ ಮುಂದೆ ಆದರೂ ಗೊಣಗಿಕೊಂಡು ಬೆಳೆಯುತ್ತದೆ. ಗೋಧಿಗೆ ಹೊತ್ತು ತಪ್ಪುವಂತಿಲ್ಲ. ದಸರೆಯ ಹೊತ್ತಿಗೆ ನೆಲ ಇನ್ನೂ ಬೆಚ್ಚಗಿರುವಾಗಲೇ ಬಿತ್ತಿದಿರೋ, ಗಡಿಬಿಡಿಯಿಂದ ಎದ್ದು ಉದ್ದಕ್ಕೆ ನಿಲ್ಲುತ್ತದೆ. ಬುಡದಲ್ಲಿ ತೆಂಡೆ ಒಡೆಯುವುದೇ ಇಲ್ಲ, ಅಂದರೆ ಒಂದು ಗಿಡದ ಪಕ್ಕ ಹುಟ್ಟಬೇಕಾದ ಮರಿಗಿಡಗಳು ಹುಟ್ಟುವುದಿಲ್ಲ. ಒಂಟಿ ಕಡ್ಡಿ, ತುದಿಗೊಂದು ಬಡಕಲು ತೆನೆ. ತಡವಾಗಿ ಬಿತ್ತಿದಿರೋ, ಚಳಿಯಲ್ಲಿ ಬೆಳೆಯಬೇಕಾದ ದಿನಗಳು ಅದಕ್ಕೆ ಸಿಗುವುದಿಲ್ಲ. ಮೊಣಕಾಲುದ್ದಕ್ಕೇ ತೆನೆ ಹಾಕಿಬಿಡುತ್ತದೆ. ಕಾಳಿಗೆ ಹಾಲು ತುಂಬುವ ಹೊತ್ತಿಗೆ ಶಿವರಾತ್ರಿ ಕಳೆದು ಬಿಸಿಲು ಏರಿರುತ್ತದೆ, ಹಾಲು ಅಲ್ಲೇ ಬತ್ತಿಹೋಗುತ್ತದೆ. ಚಳಿಯ ಜೊತೆಗೇ ಹುಟ್ಟಿ, ಚಳಿಯಲ್ಲಿ ನಿಧಾನವಾಗಿ ಮರಿ ಹಾಕಿ, ಬಿಸಿಲು ಬಲಿಯುವ ಮುಂಚೆ ಕಾಳು ತುಂಬಿಕೊಳ್ಳಬೇಕು. ಒಟ್ಟಿನಲ್ಲಿ, ಚಳಿ ಬಂದದ್ದು ಗೊತ್ತಾಗಬೇಕು. ಗೊತ್ತಾದ ಕೂಡಲೇ ಬಿತ್ತಬೇಕು.

ಚಳಿ ಬಂದದ್ದು ಗೊತ್ತಾಗುವುದು ಹೇಗೆ? ಇದೆಂಥ ಪ್ರಶ್ನೆ, ಮೈಗೆ ಗೊತ್ತಾಗುತ್ತದಲ್ಲ ಎನ್ನುತ್ತೀರಿ. ನೀವು ನಮ್ಮ ಮನೆಯಲ್ಲಿ ಹುಟ್ಟಿಲ್ಲ.

ನಮ್ಮ ಮನೆಯಲ್ಲಿ ಚಳಿಯನ್ನು ಎಣ್ಣೆಗೆ ಕೇಳುತ್ತಿದ್ದರು. ನಡುಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ ಯಾವುದೋ ಕಾಲದ ಟಾನಿಕ್ಕಿನ ಗಾಜಿನ ಸೀಸೆಯಲ್ಲಿ ಕೊಬ್ಬರಿ ಎಣ್ಣೆ ಇರುತ್ತಿತ್ತು. ದೀಪಾವಳಿ ಕಳೆದ ಮೇಲೆ ಪ್ರತಿ ಬೆಳಿಗ್ಗೆ ಅದರ ದರ್ಶನ. ಸೀಸೆಯನ್ನು ತಲೆಕೆಳಗು ಮಾಡಿದರೂ ಎಣ್ಣೆ ಇಳಿಯಲಿಲ್ಲವೆಂದರೆ ಚಳಿ ಬಂದಿದೆ ಎಂದು ಅಜ್ಜಿ ಸಾರುತ್ತಿದ್ದಳು. ಅಂದೇ ಬಿತ್ತುವ ಕೂರಿಗೆ ಹೊಲಕ್ಕೆ ಹೋಗುತ್ತಿತ್ತು. ಕೋಪದಲ್ಲಿದ್ದರೂ ನ್ಯಾಯ ಬಿಡಬಾರದು, ಆದ್ದರಿಂದ ಹೇಳುತ್ತೇನೆ: ಲೆಕ್ಕ ತಪ್ಪಲ್ಲ. ಬೆಳಗಿನ ಚಳಿ ಎಣ್ಣೆಯನ್ನು ಹಿಡಿದು ನಿಲ್ಲಿಸುವ ಹೊತ್ತಿಗೆ ಗೋಧಿಗೂ ಹದ ಬಂದಿರುತ್ತಿತ್ತು. ಎಷ್ಟೋ ವರ್ಷ ಹಾಗೇ ಬಿತ್ತಿ, ಹಾಗೇ ಬೆಳೆದು, ಹಾಗೇ ಪಾಯಸ ಕುಡಿದಿದ್ದರು. ನನ್ನ ತಕರಾರು ಎಣ್ಣೆಯ ಬಗ್ಗೆ ಅಲ್ಲವೇ ಅಲ್ಲ. ಎಣ್ಣೆಗೆ ಕೊಟ್ಟ ಮರ್ಯಾದೆಯಲ್ಲಿ ಒಂದು ಚಮಚದಷ್ಟನ್ನಾದರೂ ಮನುಷ್ಯರಿಗೆ ಕೊಡಲಿಲ್ಲವಲ್ಲ, ಅದರ ಬಗ್ಗೆ.

ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ. ಕಾರ್ತೀಕದ ಮೊದಲಲ್ಲೇ ಅಜ್ಜಿಯ ಮಂಡಿ ನೋವು ಜೋರಾಯಿತು. ಬೆಳಗಾಗೆದ್ದರೆ ಅಮ್ಮ ಅವಳ ಮಂಡಿಗೆ ಎಣ್ಣೆ ತಿಕ್ಕಬೇಕು. ಒಂದು ದಿನ ಅಮ್ಮ ಎಣ್ಣೆ ಸುರಿದ ತಕ್ಷಣ ಅಜ್ಜಿ ಕಾಲು ಝಾಡಿಸಿ ಕೂಗಿದಳು.

"ಏಮೇ, ಬಾವಿ ನೀರಂಗೈತಲ್ಲೇ! ನೋಯೋ ಕಾಲಿಗೆ ತಣ್ಣಗಿರೋ ಎಣ್ಣೆ ಹಾಕ್ತೀಯಾ? ಬೆಚ್ಗೆ ಇಡೋಕೆ ಆಗಲ್ವಾ?"

ಅಮ್ಮ ಆವತ್ತಿನಿಂದ ಸೀಸೆಯನ್ನು ಮಲಗುವ ಮುಂಚೆ ಒಲೆಯ ಮೇಲಿನ ಹಲಗೆಗೆ ಇಡತೊಡಗಿದಳು. ಬೂದಿ ಮುಚ್ಚಿದ ಕೆಂಡದ ಕಾವು ಬೆಳಗಿನವರೆಗೂ ಅಲ್ಲಿ ಇರುತ್ತದೆ. ಎದ್ದು ಮಂಡಿ ತಿಕ್ಕಿ, ಸೀಸೆಯನ್ನು ವಾಪಸ್ಸು ಗೂಡಿಗೆ ಇಟ್ಟು, ಹಿತ್ತಿಲಿಗೆ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಆಮೇಲೆ ಅಪ್ಪ ಏಳುತ್ತಿದ್ದರು. ಏಳುತ್ತಿದ್ದರು ಎಂದರೆ ಕಂಬಳಿ ಸಮೇತ ಎದ್ದು ಕೂರುತ್ತಿದ್ದರು. ಅಜ್ಜಿ ಹಾಸಿಗೆಯಿಂದಲೇ ಕೇಳುತ್ತಿದ್ದಳು:

"ನೂನೆ ಗಡ್ಡಕಟ್ಟಿಂದಾ?"

ಎಣ್ಣೆ ಗಟ್ಟಿಯಾಯಿತಾ ಎಂದು ಅರ್ಥ. ಅಪ್ಪ ಕಂಬಳಿಯೊಳಗಿಂದ ಒಂದು ಕೈ ಹೊರಗೆ ಚಾಚಿ ಗೂಡಿನ ಸೀಸೆ ಬಗ್ಗಿಸುತ್ತಿದ್ದರು. ಎಣ್ಣೆ ನೀರಿನ ಹಾಗೆ ಓಡಾಡುತ್ತಿತ್ತು.

"ಇಲ್ಲಮ್ಮೋ. ಚಳಿ ಇನ್ನೂ ಬಂದಿಲ್ಲ" ಎಂದು ಹೇಳಿ, ಚಾಚಿದ ಕೈಯನ್ನು ಚಳಿಗೆ ಒಳಗೆಳೆದುಕೊಳ್ಳುತ್ತಿದ್ದರು.

ನೀವೇ ಹೇಳಿ, ಯಾರಿಗೆ ಮೈ ಉರಿಯುವುದಿಲ್ಲ? ಅಜ್ಜಿ ಕಿವಿಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದಳು. ಕೊಟ್ಟಿಗೆಯಲ್ಲಿ ಎಮ್ಮೆಯ ಬೆನ್ನಿಗೆ ಗೋಣಿಚೀಲ ಹೊದಿಸಿತ್ತು. ಹೊದಿಸಿದವರು ಸಾಕ್ಷಾತ್ ನಮ್ಮ ಅಪ್ಪ. ನಾನು ಒಲೆಯ ಮುಂದಿನಿಂದ ಏಳಲೊಲ್ಲೆನೆಂದು ದಿನಾ ಏಟು ತಿನ್ನುತ್ತಿದ್ದೆ. ಇಡೀ ಮನೆ ಗಡಗಡ ನಡುಗುತ್ತಾ ಕೂತು ಚಳಿ ಬರುವುದನ್ನು ಕಾಯುತ್ತಿತ್ತು! ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವರನ್ನು ಕೇಳಿದ್ದೇನೆ. ನಮ್ಮವರು ಎಣ್ಣೆಗೇ ಕಣ್ಣು ಬಿಟ್ಟುಕೊಂಡು ಕೂತಿದ್ದರು.

ಬಾಯಿ ಬಿಟ್ಟು ಹೇಳಿದವಳು ಒಬ್ಬಳೇ, ಅಮ್ಮ. ಕೊರಟಗೆರೆ ತಾಲ್ಲೂಕಿನವಳು, ಸಿದ್ದರಬೆಟ್ಟದ ಬುಡದ ಹಳ್ಳಿ. ಅವಳ ತವರಿನಲ್ಲಿ ಗೋಧಿ ಇರಲಿಲ್ಲ, ಚಳಿ ಚೆನ್ನಾಗಿತ್ತು. ಹಿತ್ತಿಲಿನಿಂದ ಪಾತ್ರೆ ಹೊತ್ತುಕೊಂಡು ಒಳಗೆ ಬಂದವಳು ಕೈ ಉಜ್ಜಿಕೊಳ್ಳುತ್ತಾ ಹೇಳಿದಳು.

"ಚಳಿ ಬಂದೈತೆ ಕಣತ್ತೆ. ತೊಟ್ಟಿ ನೀರಿಗೆ ಕೈ ಹಾಕಿದ್ರೆ ಬೆರಳು ಸೆಟ್ಕೊಂತವೆ."

ಅಜ್ಜಿ ಎದ್ದು ಕೂತಳು. ಅವಳು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ಎಣ್ಣೆಗಿಲ್ಲದ ಚಳಿ ನಿಂಗೆಲ್ಲಿಂದ ಬಂತೇ? ಪಾತ್ರೆ ತೊಳೆಯೋಕೆ ಮೈಗಳ್ಳತನ, ಅಷ್ಟೇಯ."

ಅಪ್ಪ ಆಗ ಏನು ಹೇಳಿದರು? ಕಂಬಳಿಯ ಅಂಚನ್ನು ಕತ್ತಿನ ಹತ್ತಿರ ಇನ್ನಷ್ಟು ಬಿಗಿ ಮಾಡಿಕೊಂಡರು. ಅಮ್ಮ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಮಧ್ಯಾಹ್ನ ಪಕ್ಕದ ಮನೆಯವರ ಹತ್ತಿರ, "ನಂಗೇನೋ ರಕ್ತ ಕಮ್ಮಿ ಆಗಿರ್ಬೇಕು ಕಣಕ್ಕ" ಅಂದಳು. ಎಣ್ಣೆ ಸುಳ್ಳು ಹೇಳುವುದಿಲ್ಲ ಎಂದು ಅವಳೂ ನಂಬಿದ್ದಳು. ತನ್ನ ಕೈಯಾರೆ ದಿನಾ ಸೀಸೆಯನ್ನು ಒಲೆ ಮೇಲೆ ಇಡುತ್ತಿದ್ದದ್ದು ಅವಳ ತಲೆಗೂ ಹೊಳೆಯಲಿಲ್ಲ. ಹೊಳೆಯುವುದು ಹೇಗೆ? ಅವಳ ಪಾಲಿಗೆ ಅದು ಅತ್ತೆಯ ಮಂಡಿಯ ಔಷಧಿ.

ಗುಟ್ಟು ರಟ್ಟಾದದ್ದು ಜಬೀನಾಳ ತಲೆಯಿಂದ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಅವಳು. ಧನುರ್ಮಾಸದ ಒಂದು ಬೆಳಿಗ್ಗೆ ಅವಳ ಜಡೆಯಲ್ಲಿ ಬಿಳಿ ಪುಡಿ ಪುಡಿ ಕಂಡಿತು. ಹೇನಿನ ಮೊಟ್ಟೆ ಎಂದು ನಾನು ಸರಿದು ಕೂತೆ. ಹುಡುಗಿ ಅತ್ತುಬಿಟ್ಟಳು. ಸಂಜೆ ಅವಳ ಅಮ್ಮ ನನ್ನನ್ನು ಮನೆಗೆ ಕರೆಸಿ, ಬೈಯುವ ಬದಲು ಎಣ್ಣೆ ಡಬ್ಬಿ ತೆಗೆದು ತೋರಿಸಿದರು. "ಹೇನಲ್ಲ ಬೇಟಾ, ಎಣ್ಣೆ ಜಮ್ ಗಯಾ. ಎಷ್ಟು ದಿನ ಆಯ್ತು! ನಿಮ್ಮನೇಲಿ ಇನ್ನೂ ಆಗಿಲ್ವಾ?" ಡಬ್ಬಿಯಲ್ಲಿ ಎಣ್ಣೆ ಬೆಣ್ಣೆಯಂತೆ ಕೂತಿತ್ತು. ನಾನು ಓಡಿ ಬಂದು ಮನೆಯಲ್ಲಿ ಕೂಗಿ ಹೇಳಿದೆ. ಅಪ್ಪ ಇನ್ನೆರಡು ಮನೆಗೆ ಹೋಗಿ ನೋಡಿ ಬಂದರು. ಊರಿಗೆ ಊರೇ ಗಟ್ಟಿಯಾಗಿತ್ತು, ನಮ್ಮ ಮನೆಯ ಎಣ್ಣೆ ಒಂದು ಬಿಟ್ಟು. ಆಗ ತನಿಖೆ ನಡೆದು ಒಲೆಯ ಮೇಲಿನ ಹಲಗೆ ಪತ್ತೆಯಾಯಿತು.

"ನೀವೇ ಅಲ್ವಾ ಅತ್ತೆ, ಬೆಚ್ಗೆ ಇಡು ಅಂದಿದ್ದು?" ಎಂದಳು ಅಮ್ಮ.

"ಬೆಚ್ಗೆ ಇಡು ಅಂದೆ. ಒಲೆ ಮ್ಯಾಲೆ ಇಡು ಅಂದ್ನಾ?" ಎಂದಳು ಅಜ್ಜಿ.

ಒಲೆ ಬಿಟ್ಟು ಇನ್ನೆಲ್ಲಿ ಬೆಚ್ಚಗಿರುತ್ತದೆ ಎಂದು ಕೇಳಲು ನಮ್ಮ ಅಪ್ಪನಿಗೆ ಬಾಯಿ ಇರಲಿಲ್ಲ. ಅವರಿಗೆ ಸಿಕ್ಕಿದ ಮಾತು, "ಒಂದು ಮಾತು ಹೇಳಬಾರದಿತ್ತೇನೇ?" ಎಂದು. ಹೇಳಬಾರದಿತ್ತೇನೇ! ಹೇಳಿದ್ದಳಲ್ಲ ಮಹಾರಾಯರೇ! ಚಳಿ ಬಂದಿದೆ ಎಂದು ಸೆಟೆದ ಬೆರಳು ತೋರಿಸಿ ಹೇಳಿದ್ದಳು. ಎಂಟು ವರ್ಷದ ನನಗೆ ಇದು ಕೇಳಿಸಿತ್ತು, ಮೂರು ಮಾರು ದೂರದಲ್ಲಿ ಕೂತಿದ್ದ ನಿಮಗೆ ಕೇಳಿಸಲಿಲ್ಲವೇ? ತಾಳಿ. ಬಿ.ಪಿ. ಮಾತ್ರೆ ತೆಗೆದುಕೊಂಡು ಬಂದು ಮುಂದುವರಿಸುತ್ತೇನೆ.

ಆ ವರ್ಷ ಬಿತ್ತನೆ ಸಂಕ್ರಾಂತಿಯ ಹತ್ತಿರಕ್ಕೆ ಹೋಯಿತು. ಗೋಧಿ ಮೊಳೆತದ್ದೇನೋ ಮೊಳೆಯಿತು. ಸ್ಕೂಲಿಗೆ ತಡವಾಗಿ ಬಂದ ಹುಡುಗರು ಹಾಜರಿ ಕೂಗುವಾಗ ಓಡಿ ಬಂದು ಕೂರುವ ಹಾಗೆ ಎಲ್ಲವನ್ನೂ ಅವಸರದಲ್ಲಿ ಮುಗಿಸಿತು. ತೆಂಡೆ ಒಡೆಯಲಿಲ್ಲ. ನನ್ನ ಮೊಣಕಾಲಿಗೆ ಬರುವಷ್ಟರಲ್ಲಿ ತೆನೆ. ಶಿವರಾತ್ರಿಯ ಮೇಲೆ ಒಣಗಾಳಿ ಬೀಸಿತು, ಬೆಳಿಗ್ಗೆ ಹಿಚುಕಿದರೆ ಹಾಲು ಬರುತ್ತಿದ್ದ ಕಾಳು ಕೆಲವೇ ದಿನದಲ್ಲಿ ಸೊರಗಿಹೋಯಿತು. ಕಣದಲ್ಲಿ ತೂರಿದರೆ ಹೊಟ್ಟಿನ ಜೊತೆ ಕಾಳೂ ಹಾರುತ್ತಿತ್ತು. ಉಳಿದದ್ದು ಜೀರಿಗೆಯಂಥ ಕಾಳು, ಬೀಜಕ್ಕೂ ಬರುವಂತಿರಲಿಲ್ಲ. ಆ ಯುಗಾದಿಗೆ ಅಂಗಡಿಯ ರವೆಯ ಪಾಯಸವಾಯಿತು. ಬೀದಿಗೆ ಹಂಚಲಿಲ್ಲ. ಬಾಗಿಲಲ್ಲಿ ಕೇಳಿದವರಿಗೆಲ್ಲ ಅಜ್ಜಿ ಹೇಳುತ್ತಿದ್ದಳು, "ನಮ್ಮ ಸೊಸೆ ಎಣ್ಣೇನ ಒಲೆ ಮ್ಯಾಲಿಕ್ಕಿ ಗೋಧಿ ಸುಟ್ಟುಬುಟ್ಳು." ಬಿಸಿಲು ಸುಟ್ಟದ್ದನ್ನು ಅಮ್ಮನ ಹೆಸರಿಗೆ ಬರೆದಳು ಮಹಾತಾಯಿ.

ಬೀಜಕ್ಕೆಂದು ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಅಜ್ಜಿ ನಿಡುಗಲ್ಲಿಗೆ ಹೊರಟಳು. ನಾನು ಬಾಲ. ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಳ್ಳುತ್ತಾ ಪಾವಗಡದ ಕಡೆ ಹೋದದ್ದು ನನ್ನ ಮೊದಲ ದೊಡ್ಡ ಪ್ರಯಾಣ. ಅಜ್ಜಿಯ ತಮ್ಮ ನಮಗೆ ಗೋಧಿ ಬೀಜ ಕೊಟ್ಟ. ಅಜ್ಜಿ ಅಲ್ಲೂ ಸೊಸೆಯ ಕಥೆ ಬಿಚ್ಚಿದಳು. ಅವನು ಪೂರ್ತಿ ಕೇಳಿ ನಕ್ಕ.

"ಮಾಕು ನೂನೆ ಗೀನೆ ಅಕ್ಕರಲೇದಕ್ಕಾ. ಕುಕ್ಕ ಚಾಲು" ಎಂದ. ನಮಗೆ ಎಣ್ಣೆ ಗಿಣ್ಣೆ ಬೇಡ, ನಾಯಿ ಸಾಕು ಎಂದು. ಅಂಗಳದಲ್ಲಿ ಕೆಂಚು ನಾಯಿಯೊಂದು ಕಾಲು ಚಾಚಿ ಬಿದ್ದಿತ್ತು. ಅದು ಬೆಳಗಿನ ಜಾವ ಹೀಗೆ ಚಾಚಿ ಮಲಗುವುದನ್ನು ಬಿಟ್ಟು ಮೂತಿಯನ್ನು ಹೊಟ್ಟೆಗೆ ಸೇರಿಸಿ ಸುರುಳಿಯಾಯಿತೆಂದರೆ ಅವನು ಗೋಧಿ ಬಿತ್ತುತ್ತಾನಂತೆ. ಅಜ್ಜಿ ಅವನನ್ನು ಗೇಲಿ ಮಾಡಿದಳು. ನಾನು ಮಾತ್ರ ಆ ನಾಯಿಯನ್ನು ಬಹಳ ಹೊತ್ತು ನೋಡುತ್ತಾ ಕೂತೆ. ಆ ಮನೆಯಲ್ಲಿ ಒಂದು ನಾಯಿಗೆ ಚಳಿಯಾದರೆ ಯಜಮಾನ ನೇಗಿಲು ಕಟ್ಟುತ್ತಾನೆ. ನಾಯಿಯ ಮೈಗಿದ್ದ ಮರ್ಯಾದೆ ನಮ್ಮ ಮನೆಯಲ್ಲಿ ನನ್ನ ಅಮ್ಮನ ಮೈಗೆ ಇರಲಿಲ್ಲ. ಆಗ ಇಷ್ಟು ಬಿಡಿಸಿ ಹೇಳಲು ಬರುತ್ತಿರಲಿಲ್ಲ, ಊಟಕ್ಕೆ ಕರೆದಾಗ ಬೇಡ ಎಂದೆ. ಬಸ್ಸಿನ ವಾಂತಿಯ ಪರಿಣಾಮ ಎಂದು ಅಜ್ಜಿ ನಿಂಬೆಹಣ್ಣು ಕೊಟ್ಟಳು.

ಗೋಧಿ ಮತ್ತೆ ಬಂತು, ಪಾಯಸವೂ ಬಂತು. ಅಮ್ಮನಿಗೆ ಅಂಟಿದ್ದು ಬಿಡಲಿಲ್ಲ. ಹಾಲು ಒಡೆದರೆ, ಮದುವೆ ಮನೆಯಲ್ಲಿ ಸಾರು ಕಮ್ಮಿಯಾದರೆ, ಯಾರದೋ ಬಸ್ಸು ತಪ್ಪಿದರೆ "ಎಣ್ಣೇನ ಒಲೆ ಮ್ಯಾಲೆ ಇಟ್ಟಿದ್ಲಾ?" ಎಂದು ಕೇಳಿ ನಗುವುದು ನೆಂಟರಿಗೆಲ್ಲ ರೂಢಿಯಾಯಿತು. ನನ್ನ ಮದುವೆಯಲ್ಲೂ ಬೀಗರ ಮುಂದೆ ಯಾರೋ ಹೇಳಿಯೇಬಿಟ್ಟರು. ಅಮ್ಮ ಎಲ್ಲರ ಜೊತೆ ನಕ್ಕಳು. ನಾನು ಧಾರೆ ಸೀರೆಯಲ್ಲೇ ಜಗಳಕ್ಕೆ ಎದ್ದಿದ್ದೆನಂತೆ, ನಮ್ಮ ಯಜಮಾನರು ನನ್ನ ಸ್ವಭಾವವನ್ನು ಮೊದಲು ಕಂಡದ್ದು ಹಾಗೆ.

ಆದರೆ ನೆಂಟರಿಗೆ ಗೊತ್ತಿಲ್ಲದ್ದು ಒಂದು ನನಗೆ ಗೊತ್ತಿತ್ತು. ಆ ವರ್ಷದಿಂದ ಈಚೆಗೆ ಅಮ್ಮ ಚಳಿ ಎಂದು ಹೇಳುವುದನ್ನೇ ಬಿಟ್ಟಿದ್ದಳು. ಧನುರ್ಮಾಸದ ಬೆಳಿಗ್ಗೆ ಹಲ್ಲು ಕಟಕಟ ಅನ್ನುವಾಗಲೂ ಇಲ್ಲ. ಜ್ವರ ಬಂದು ನಡುಗುವಾಗ, "ಚಳಿಯಾಗುತ್ತಾ ಅಮ್ಮ?" ಎಂದು ಕೇಳಿದರೆ, "ಅಂಗೇನಿಲ್ಲ, ಚೂರು ಮೈ ಜುಮ್ಮಂತೈತೆ" ಎನ್ನುತ್ತಿದ್ದಳು. ನಾನು ಕೆಲಸಕ್ಕೆ ಸೇರಿದ ವರ್ಷ ಮಧುಗಿರಿಯಿಂದ ಒಂದು ಕಂದು ಬಣ್ಣದ ಸ್ವೆಟರ್ ತಂದುಕೊಟ್ಟೆ. ಕವರನ್ನೂ ಬಿಚ್ಚದೆ ಟ್ರಂಕಿನಲ್ಲಿಟ್ಟಳು. ಹಾಕಿಕೊಂಡರೆ ಚಳಿ ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ. ಅಷ್ಟು ದೊಡ್ಡದೇನಲ್ಲ ನನ್ನ ಆಸೆ. ಅಮ್ಮ ಒಂದೇ ಒಂದು ಸಲ ಚಳಿ ಎನ್ನಬೇಕು, ಮನೆಯವರು ಹೌದು ಎನ್ನಬೇಕು. ಇಷ್ಟಕ್ಕೆ ಎಷ್ಟು ವರ್ಷ ಕಾಯಿಸಿದರು ನೋಡಿ.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಹೊಲವನ್ನು ಈಗ ನನ್ನ ತಮ್ಮ ರಂಗ ನೋಡಿಕೊಳ್ಳುತ್ತಾನೆ. ಕೂರಿಗೆ ಹೋಗಿ ಟ್ರ್ಯಾಕ್ಟರ್ ಬಂತು, ಒಲೆ ಹೋಗಿ ಗ್ಯಾಸ್ ಬಂತು. ಗೂಡು ಮಾತ್ರ ಇದ್ದಲ್ಲೇ ಇದೆ, ಗೂಡಿನಲ್ಲಿ ಎಣ್ಣೆಯೂ ಇದೆ, ಅದನ್ನು ಕೇಳಿಯೇ ಗೋಧಿ ಬಿತ್ತುವುದೂ ನಡೆದುಕೊಂಡು ಬಂದಿದೆ. ಕಳೆದ ಕಾರ್ತೀಕದಲ್ಲಿ ಎರಡು ದಿನ ರಜೆ ಹಾಕಿ ಊರಿಗೆ ಹೋದೆ. ಬೆಳಿಗ್ಗೆ ಎದ್ದು ನಡುಮನೆಗೆ ಬಂದರೆ, ಅಪ್ಪ ಮಂಕಿ ಕ್ಯಾಪ್ ಹಾಕಿ ಕಂಬಳಿ ಹೊದ್ದು ಕಾಫಿ ಲೋಟವನ್ನು ಎರಡು ಕೈಯಲ್ಲೂ ತಬ್ಬಿಕೊಂಡು ಕೂತಿದ್ದಾರೆ. ರಂಗ ಜರ್ಕಿನ್ ಹಾಕಿಕೊಂಡು ಮೊಬೈಲ್ ನೋಡುತ್ತಿದ್ದಾನೆ.

"ಗೋಧಿ ಬಿತ್ತಿದ್ಯೇನೋ?" ಎಂದೆ.

"ಎಲ್ಲಿ ಅಕ್ಕ, ಹೊಲ ಉತ್ತು ಬುಟ್ಟಿದೀನಿ. ಮೊಬೈಲ್ನಾಗೆ ಶಿರಾದಲ್ಲಿ ಚಳಿ ಅಂತ ತೋರಿಸ್ತೈತೆ. ಎಣ್ಣೆ ನೋಡಿದ್ರೆ ಇನ್ನೂ ನೀರೇ. ಯಾವ್ದು ನಂಬದು ಹೇಳು?"

"ಮೊಬೈಲ್ ಸುಳ್ಳು ಹೇಳ್ತೈತೆ ಕಣ್ಲಾ" ಎಂದರು ಅಪ್ಪ ಕಂಬಳಿಯೊಳಗಿಂದ. "ಎಣ್ಣೆ ಹೇಳಲ್ಲ. ಇನ್ನೊಂದೆಂಟು ದಿನ ನೋಡಾನ ಬುಡು."

ಹೀಗೆಯೇ ನೋಡುತ್ತಾ ನೋಡುತ್ತಾ ಎಷ್ಟು ದಿನ ಕಳೆದಿದ್ದರೋ. ನಾನು ಗೂಡಿಗೆ ಹೋಗಿ ಸೀಸೆ ತೆಗೆದೆ. ಹಸಿರು ಬಣ್ಣದ ಹೊಸ ಪ್ಲಾಸ್ಟಿಕ್ ಬಾಟಲಿ, ಮಲ್ಲಿಗೆ ವಾಸನೆ. ಹಿಂದಿನ ಸಣ್ಣಕ್ಷರ ಓದಿದೆ. ಕೊಬ್ಬರಿ ಎಣ್ಣೆಯ ಜೊತೆಗೆ ಇನ್ನೂ ಏನೇನೋ ಬೆರೆಸಿದ, ತಲೆಗೆ ಜಿಡ್ಡಾಗದ, ಚಳಿಗೆ ಗಟ್ಟಿಯಾಗದ ಎಣ್ಣೆ. ಅದನ್ನು ಹೊಗಳಿಕೆಯೆಂಬಂತೆ ಮೇಲೇ ಅಚ್ಚು ಹಾಕಿದ್ದರು. ಇದನ್ನು ಮಾಘದವರೆಗೆ ಗೂಡಿನಲ್ಲಿಟ್ಟರೂ ಹೆಪ್ಪುಗಟ್ಟುವುದಿಲ್ಲ.

"ಅಪ್ಪಾ, ಇದು ಗಟ್ಟಿ ಆಗೋ ಎಣ್ಣೇನೇ ಅಲ್ಲ" ಎಂದು ಓದಿ ಹೇಳಿದೆ.

ಅಪ್ಪ ಮಂಕಿ ಕ್ಯಾಪ್ ಸಮೇತ ಅಡುಗೆ ಮನೆಯ ಕಡೆ ತಿರುಗಿದರು.

"ಈ ಎಣ್ಣೆ ತಂದೋರ್ಯಾರು?"

ಬಾಗಿಲಲ್ಲಿ ರಂಗನ ಹೆಂಡತಿ ಶೋಭಾ ನಿಂತಿದ್ದಳು. "ನಾನೇ ಮಾವ, ಶಿರಾ ಸಂತೆಗೆ ಹೋದಾಗ... ಮಕ್ಕಳ ತಲೆಗೆ ಅಂತ..." ಎಂದವಳ ಮುಖ ಬಾಡಿಹೋಯಿತು. ರಂಗ ಅವಳ ಕಡೆ ನೋಡಿ, "ಒಂದು ಮಾತು ಹೇಳಬಾರದಿತ್ತೇನೇ?" ಎಂದ. ಅದೇ ಮಾತು! ಅಪ್ಪನ ಬಾಯಿಂದ ಮಗನ ಬಾಯಿಗೆ ಒಂದಕ್ಷರವೂ ಸವೆಯದೆ ಬಂದಿತ್ತು. ನಾನು ಬಾಯಿ ತೆರೆದೆ. ಇಷ್ಟು ವರ್ಷ ಕೂಡಿಟ್ಟದ್ದೆಲ್ಲ ನಾಲಗೆಯ ತುದಿಗೆ ಬಂದಿತ್ತು. ಆದರೆ ನನಗಿಂತ ಮುಂಚೆ ಹಿತ್ತಿಲ ಬಾಗಿಲಿನಿಂದ ಅಮ್ಮ ಬಂದಳು.

ಅವಳ ಎರಡೂ ಕೈಯಿಂದ ತೊಟ್ಟಿಯ ನೀರು ತೊಟ್ಟಿಕ್ಕುತ್ತಿತ್ತು. ನೇರವಾಗಿ ಅಪ್ಪನ ಹತ್ತಿರ ಹೋಗಿ ಕಂಬಳಿಯನ್ನು ಎಳೆದು ಕೆಳಗೆ ಹಾಕಿದಳು. ಅಪ್ಪ ಏನಾಯಿತೆಂದು ಕತ್ತೆತ್ತುವಷ್ಟರಲ್ಲಿ ಆ ಒದ್ದೆ ಕೈಗಳನ್ನು ಅವರ ಕುತ್ತಿಗೆಯ ಎರಡೂ ಬದಿಗೆ ಒತ್ತಿ ಹಿಡಿದಳು. ಅಪ್ಪ ಕೂಗಿದ ಕೂಗಿಗೆ ಕೊಟ್ಟಿಗೆಯ ಎಮ್ಮೆಯೂ ಎದ್ದು ನಿಂತಿತು.

"ಏಯ್, ಏನೇ ಇದು! ಬುಡೇ! ಚಳಿ, ಚಳಿ!"

"ಚಳಿಯಾ?" ಎಂದಳು ಅಮ್ಮ. ಕೈ ತೆಗೆಯಲಿಲ್ಲ. "ಸರಿಯಾಗಿ ಹೇಳಿ. ಎಣ್ಣೆ ಗಟ್ಟಿ ಆಗಿಲ್ವಲ್ಲ, ನಿಮ್ಗೆಲ್ಲಿಂದ ಬಂತು ಚಳಿ?"

ಅಪ್ಪ ಕೆಳಗೆ ಬಿದ್ದ ಕಂಬಳಿಯ ಕಡೆ ಕೈ ಚಾಚಿದರು.

"ಕಂಬ್ಳಿ ಹೊದ್ಕೊಂಡು ಚಳಿ ಕಾಯ್ತೀರಲ್ಲ, ನಾಚ್ಕೆ ಆಗಲ್ವಾ ಅಪ್ಪ ಮಗನಿಗೆ? ಆವತ್ತು ನಾನು ಹೇಳ್ದೆ. ಮೈಗಳ್ಳಿ ಅಂದ್ರು. ನೀವು ಕಂಬ್ಳಿ ಎಳ್ಕೊಂಡ್ರಿ. ಈಗ ಈ ಮಗೀನ ಕಡೆ ತಿರುಗ್ತೀರಾ? ಅದೇನು ತಪ್ಪು ಮಾಡ್ತು, ಎಣ್ಣೆ ತರ್ದೆ ಇರಕ್ಕಾಗುತ್ತಾ? ಲೇ ರಂಗ, ಮೊಬೈಲ್ ಇಟ್ಟು ಟ್ರ್ಯಾಕ್ಟರ್ ತೆಗಿ. ಇವತ್ತೇ ಬಿತ್ತು." ಆಮೇಲೆ ಶೋಭಾಳ ಕಡೆ ತಿರುಗಿದಳು. ದನಿ ತಗ್ಗಿತು. "ಟ್ರಂಕಿನಾಗೆ ಕಂದು ಸ್ವೆಟ್ರು ಐತೆ ನೋಡಮ್ಮ, ತಗೊಂಡ್ಬಾ. ನಂಗೆ ಚಳಿ ಆಗ್ತೈತೆ."

ನಾನು ಗೋಡೆಯ ಕಡೆ ತಿರುಗಿ ಸೀಸೆಯ ಮೇಲಿನ ಅಕ್ಷರಗಳನ್ನು ಇನ್ನೊಮ್ಮೆ ಓದುವವಳ ಹಾಗೆ ನಿಂತೆ. ಅಕ್ಷರ ಒಂದೂ ಕಾಣುತ್ತಿರಲಿಲ್ಲ. ಸಂತೋಷಕ್ಕೆ ಅಳುವ ಜಾತಿಯವಳಲ್ಲ ನಾನು. ಸಿಟ್ಟಿಗೆ ಅತ್ತೆ ಎಂದೇ ಇಟ್ಟುಕೊಳ್ಳಿ.

ರಂಗ ಆವತ್ತೇ ಬಿತ್ತಿದ. ಸಂಕ್ರಾಂತಿಗೆ ಹೋದಾಗ ಒಂದೊಂದು ಬುಡದಲ್ಲೂ ತೆಂಡೆ ಒತ್ತಾಗಿ ಎದ್ದು ಸಾಲು ಕಾಣದಂತೆ ಮುಚ್ಚಿತ್ತು. ಶಿವರಾತ್ರಿಯ ಹೊತ್ತಿಗೆ ನನ್ನ ಸೊಂಟದವರೆಗೆ ಬಂದಿತ್ತು, ಹಾಲು ಕಟ್ಟಿ ಕಾಳು ಆಗಲೇ ಗಟ್ಟಿಯಾಗತೊಡಗಿತ್ತು. ಆಮೇಲೆ ಬಂದ ಬಿಸಿಲು ಅದನ್ನು ಒಣಗಿಸಿತೇ ಹೊರತು ಸುಡಲಾಗಲಿಲ್ಲ. ಕಣದಿಂದ ಬಂದ ಕಾಳು ಕೆಂಪಗೆ, ಉದ್ದಕ್ಕೆ, ಮುಷ್ಟಿಯಲ್ಲಿ ಹಿಡಿದರೆ ತೂಕ ಗೊತ್ತಾಗುವಂತಿತ್ತು. ಅಮ್ಮ ಸ್ವೆಟರನ್ನು ಬಿಸಿಲು ಬಂದ ಮೇಲೂ ಬಹಳ ದಿನ ಬಿಚ್ಚಲಿಲ್ಲವೆಂದು ಶೋಭಾ ಫೋನಿನಲ್ಲಿ ಹೇಳಿ ನಗುತ್ತಿದ್ದಳು.

ಯುಗಾದಿಗೆ ನಾವೆಲ್ಲ ಊರಿಗೆ ಹೋದೆವು. ಬೀದಿಗೆಲ್ಲ ಪಾಯಸ ಹಂಚಿ ಬಂದು ಊಟಕ್ಕೆ ಕೂತೆವು. ಅಪ್ಪ ಎಲೆಯ ಕೊನೆಯಲ್ಲಿದ್ದ ಪಾಯಸವನ್ನು ಬೆರಳಿನಿಂದ ಬಳಿದು ನೆಕ್ಕಿ, ತೃಪ್ತಿಯಾಗಿ ಹೇಳಿದರು.

"ಈ ವರ್ಸ ಚಳಿ ಸರ್ಯಾಗಿ ಬಿತ್ತು ನೋಡು. ಅದುಕ್ಕೇ ಕಾಳು ಇಂಗೆ ತುಂಬೈತೆ."

ಕೇಳಿದಿರಾ? ಕೆಟ್ಟಾಗ ಒಲೆಯ ಮೇಲೆ ಎಣ್ಣೆ ಇಟ್ಟವಳು ಕೆಡಿಸಿದ್ದು. ಬೆಳೆದಾಗ ಚಳಿ ಬೆಳೆಸಿದ್ದು! ನಾನು ಎಲೆ ಬಿಟ್ಟು ಏಳುವವಳಿದ್ದೆ, ಯಜಮಾನರು ಸೆರಗು ಹಿಡಿದು ಕೂರಿಸಿದರು. ಅಮ್ಮ ಸೌಟು ಹಿಡಿದು ಅಪ್ಪನ ಮುಂದೆ ನಿಂತಿದ್ದಳು. ಅಪ್ಪ ಇನ್ನೊಂದು ಸೌಟಿಗೆ ಕತ್ತೆತ್ತಿ ನೋಡಿದರು.

ಅಮ್ಮ ಪಾತ್ರೆಯನ್ನು ಕೆಳಗಿಟ್ಟು ಗೂಡಿನ ಹತ್ತಿರ ಹೋದಳು. ಹಸಿರು ಬಾಟಲಿಯನ್ನು ತಂದು ಅಪ್ಪನ ಎಲೆಯ ಮುಂದೆ ಇಟ್ಟಳು.

"ಕೇಳಿ ಇದುನ್ನ, ನಿಮ್ಗೆ ಹೊಟ್ಟೆ ತುಂಬ್ತಾ, ಇಲ್ವಾ ಅಂತ. ಇಲ್ಲ ಅಂದ್ರೆ ಬಡಿಸ್ತೀನಿ."